ಎರಡು ಸೆಕೆಂಡಿನ ಹಾಲ್

ಹಿಂದಿನ ಗೋಡೆಯನ್ನು ಇನ್ನೆರಡಡಿ ಆಚೆಗೆ ತಳ್ಳಿದರೆ ಸರಿಹೋದೀತು ಅನ್ನಿಸಿತು, ತಳ್ಳಿದಳು. ತೋರುಬೆರಳಿನ ಕೆಲಸ, ಅಷ್ಟೇ. ಪರದೆಯ ಮೇಲೆ ಗೋಡೆ ಎಂದು ಹೆಸರಿಟ್ಟುಕೊಂಡಿದ್ದ ಗೆರೆಯೊಂದು ಬಲಕ್ಕೆ ಜರುಗಿತು. ಅಣ್ಣ ಡ್ರಮ್ಮಿಗೆ ಕೊಟ್ಟ ಏಟು ಸ್ಪೀಕರಿನಲ್ಲಿ ಕೂದಲೆಳೆಯಷ್ಟು ತಡವಾಗಿ, ಕೊಂಚ ಮೆತ್ತಗಾಗಿ ವಾಪಸ್ ಬಂತು. ಇಟ್ಟಿಗೆಯಿಲ್ಲ, ಗಾರೆಯಿಲ್ಲ, ಗೋಡೆ ಎದ್ದು ನಿಂತಿತು. ಇಪ್ಪತ್ತು ವರ್ಷದಿಂದ ಇಂಥ ಗೋಡೆಗಳನ್ನು ಕಟ್ಟಿ ಕೆಡವಿ ಅವಳ ಕೈ ಪಳಗಿದೆ. ಮಲಗುವ ಕೋಣೆಯಲ್ಲಿ, ಗ್ಯಾರೇಜಿನಲ್ಲಿ, ಬೀರುವಿನಷ್ಟು ಇಕ್ಕಟ್ಟಾದ ಸ್ಟುಡಿಯೋಗಳಲ್ಲಿ ಜನ ಡ್ರಮ್ಸ್ ಬಾರಿಸಿ, ರೆಕಾರ್ಡ್ ಮಾಡಿ, ಮಿಕ್ಸ್ ಮಾಡಿಕೊಡಿ ಎಂದು ಇವಳಿಗೆ ಕಳಿಸುತ್ತಾರೆ. ಉಸಿರು ಕಟ್ಟಿಕೊಂಡ ಸದ್ದು. ಇವಳು ಅದಕ್ಕೊಂದು ಜಾಗ ಕೊಡುತ್ತಾಳೆ. ಕಂಪ್ಯೂಟರಿನಲ್ಲಿ ಕೋಣೆಯ ಮೊರೆತವನ್ನು ನಕಲು ಮಾಡುವ ಪ್ಲಗಿನ್ ಎಂಬ ತಂತ್ರಾಂಶ ತೆರೆದು, ಕೋಣೆ ಎಷ್ಟು ದೊಡ್ಡದು, ನೆಲ ಮರದ್ದೋ ಕಲ್ಲಿನದೋ, ಮೈಕ್ ಎಷ್ಟು ದೂರ, ಸದ್ದು ಪೂರ್ತಿ ಸಾಯಲು ಎಷ್ಟು ಹೊತ್ತು ಎಂಬುದನ್ನೆಲ್ಲ ಹೊಂದಿಸಿ, ಬಾರಿಸಿದ ಸದ್ದಿನ ಅಡಿಯಲ್ಲಿ ಯಾರಿಗೂ ತಿಳಿಯದ ಹಾಗೆ ಬೆರೆಸಿಬಿಡುತ್ತಾಳೆ. ತಿಳಿಯದಿರುವುದೇ ಅದರ ಗತ್ತು. ಕೇಳಿದವರು ‘ಆಹಾ, ಏನು ಬಾರಿಸಿದಾನೆ’ ಅನ್ನಬೇಕೇ ಹೊರತು ‘ಆಹಾ, ಏನು ಕೋಣೆ’ ಅನ್ನಬಾರದು. ಈ ಊರಿನಲ್ಲಿ ಇದನ್ನು ತನಗಿಂತ ಚೆನ್ನಾಗಿ ಮಾಡುವವರು ಯಾರೂ ಇಲ್ಲವೆಂದು ಅವಳಿಗೆ ಗೊತ್ತು, ಹೇಳಿಕೊಳ್ಳಲು ಸಂಕೋಚವೂ ಇಲ್ಲ. ಆದರೂ ಇವತ್ತು ಬೆಳಗಿನಿಂದ ಮುಳ್ಳಿನ ಮೇಲೆ ಕೂತ ಹಾಗೆ ಕೂತಿದ್ದಾಳೆ. ಹನ್ನೊಂದಕ್ಕೆ ಅಣ್ಣ ಬರುತ್ತಾನೆ. ಅವಳಿಗೆ ತಿಳಿದಂತೆ ಅವಳ ಕೋಣೆಗಳಿಗೆ ಬಲಿಬೀಳದ ಕಿವಿ ಇರುವುದು ಒಂದೇ, ಅದು ಅವನದು.

ಅಣ್ಣನಿಗೆ ಐವತ್ತೆಂಟು. ಮೂವತ್ತು ವರ್ಷ ಬೇರೆಯವರ ಹಾಡಿನ ಹಿಂದೆ ಕೂತು ಬಾರಿಸಿದವನು ಈ ವರ್ಷ ತನ್ನದೇ ಒಂದು ರೆಕಾರ್ಡ್ ಮಾಡಲು ಹೊರಟಿದ್ದ. ಬರೀ ಡ್ರಮ್ಸ್. ಹಾಡಿಲ್ಲ, ಗಿಟಾರಿಲ್ಲ, ಆರು ತುಣುಕು, ಆರರಲ್ಲೂ ಅವನೊಬ್ಬನೇ. ಅದಕ್ಕೆ ತಕ್ಕ ಹಾಲ್ ಬೇಕೆಂದು ಎಂಟು ತಿಂಗಳು ಅಲೆದ. ಎಲ್ಲಿ ಹೋದರೂ ನಟ್ಟನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ, ತಲೆ ವಾರೆ ಮಾಡಿ ಕೇಳಿ, ‘ಊಹೂಂ’ ಎಂದು ಹೊರಗೆ ಬಂದುಬಿಡುತ್ತಿದ್ದ. ಕಾವಲಿನವರು ಪಾಪ, ಇವನಿಗೆ ತಲೆ ಕೆಟ್ಟಿದೆ ಅಂದುಕೊಂಡಿರಬೇಕು. ಕೊನೆಗೆ ಮುಚ್ಚಿಹೋದ ಶಾಲೆಯೊಂದರ ವ್ಯಾಯಾಮದ ಹಾಲ್ ಸಿಕ್ಕಿತು. ಮರದ ನೆಲ, ಎತ್ತರದ ಕಿಟಕಿ, ಒಂದು ಮೂಲೆಯಲ್ಲಿ ಪೇರಿಸಿಟ್ಟ ಕಬ್ಬಿಣದ ಕುರ್ಚಿಗಳು. ಬಳಸಲು ಒಂದೇ ದಿನ ಕೊಟ್ಟರು, ಮರುವಾರ ಅದನ್ನು ಒಡೆದು ಆಫೀಸು ಮಾಡುವವರಿದ್ದರು. ಅವತ್ತು ಅವಳು ಡ್ರಮ್ಮುಗಳ ಹತ್ತಿರ ಎಂಟು ಮೈಕ್ ಇಟ್ಟಳು, ಹಾಲ್‌ನ ಆ ತುದಿಯಲ್ಲಿ ಎರಡು. ಆ ಎರಡೇ ಮುಖ್ಯ. ಹತ್ತಿರದ ಮೈಕ್ ಏಟನ್ನಷ್ಟೇ ಹಿಡಿಯುತ್ತದೆ, ದೂರದ್ದು ಹಾಲ್ ಅನ್ನು ಹಿಡಿಯುತ್ತದೆ. ಪರೀಕ್ಷೆ ಮಾಡುವಾಗ ದೂರದ ಮೈಕೊಂದರ ಕೇಬಲ್ ಗುಂಯ್‌ಗುಟ್ಟಿತು. ಆ ಎರಡು ಟ್ರ್ಯಾಕಿಗೆ ರೆಕಾರ್ಡ್ ಮಾಡುವ ಕೆಂಪು ಗುಂಡಿ ಆಫ್ ಮಾಡಿ, ನಡೆದು ಹೋಗಿ ಕೇಬಲ್ ಬದಲಾಯಿಸಿ ಬಂದಳು. ಪರದೆಯಲ್ಲಿ ಹಸಿರು ಪಟ್ಟಿ ಕುಣಿಯುತ್ತಿತ್ತು, ಹೆಡ್‌ಫೋನಿನಲ್ಲಿ ಹಾಲ್ ತುಂಬಿ ತುಳುಕುತ್ತಿತ್ತು, ಅಣ್ಣ ಕೋಲೆತ್ತಿ ‘ರೆಡಿನಾ?’ ಎಂದ, ಅವಳು ‘ಹ್ಞೂಂ’ ಎಂದಳು. ಕೆಂಪು ಗುಂಡಿಯನ್ನು ಮತ್ತೆ ಒತ್ತಲೇ ಇಲ್ಲ. ಹಾಲ್ ಅವಳಿಗೆ ಕೇಳಿಸುತ್ತಿತ್ತು, ರೆಕಾರ್ಡ್ ಆಗುತ್ತಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಅಣ್ಣ ಜನ್ಮದಲ್ಲಿ ಬಾರಿಸದ ಹಾಗೆ ಬಾರಿಸಿದ, ಅವಳು ಕಣ್ಣು ಒದ್ದೆ ಮಾಡಿಕೊಂಡು ಕೇಳಿದಳು, ಎಲ್ಲ ಮುಗಿದ ಮೇಲೆ ಇಬ್ಬರೂ ಆ ಮರದ ನೆಲದ ಮೇಲೆ ಕಾಲು ಚಾಚಿ ಕೂತು ಚಹಾ ಕುಡಿದರು. ಮರುದಿನ ಕಂಪ್ಯೂಟರ್ ತೆರೆದಾಗ ಎಂಟು ಟ್ರ್ಯಾಕಿನಲ್ಲಿ ಸದ್ದಿನ ಗೆರೆ ಬೆಟ್ಟಗುಡ್ಡದ ಹಾಗೆ ಎದ್ದಿತ್ತು, ಕೆಳಗಿನ ಎರಡರಲ್ಲಿ ಏನೂ ಇರಲಿಲ್ಲ. ಹೊಸಬರು ಮಾಡುವ ತಪ್ಪು. ಹೊಸಬರು ಮಾಡಿದರೆ ಅವಳೇ ಮುಖ ಕೆಂಪಾಗಿಸಿ ಮನೆಗೆ ಕಳಿಸುತ್ತಿದ್ದ ತಪ್ಪು.

ಆವತ್ತೇ ಹೇಳಬೇಕಿತ್ತು. ಹೇಳಲೆಂದೇ ಫೋನ್ ಮಾಡಿದಳು. ಅಣ್ಣ ‘ಹಲೋ’ ಕೂಡ ಅನ್ನದೆ, ‘ಪುಟ್ಟಿ, ಆ ಹಾಲ್ ಇದೆಯಲ್ಲ, ಅದು ನನ್ನ ಜೊತೆ ಬಾರಿಸ್ತು ಕಣೇ, ನಿನ್ನೆ ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ’ ಎಂದು ಶುರು ಮಾಡಿಬಿಟ್ಟ. ನಲವತ್ತೇಳರ ಹೆಂಗಸನ್ನು ಇನ್ನೂ ಪುಟ್ಟಿ ಎಂದೇ ಕರೆಯುತ್ತಾನೆ. ಹೇಳಬೇಕೆಂದದ್ದನ್ನು ಹೇಳದೆಯೇ ಫೋನ್ ಇಟ್ಟಳು. ಒಂದು ವಾರ ಬಿಟ್ಟು, ಹಾಲ್ ಇನ್ನೂ ಇದ್ದರೆ ಬೇಡಿಕೊಂಡು ಇನ್ನೊಂದು ದಿನ ಕೇಳೋಣವೆಂದು ಒಬ್ಬಳೇ ಹೋದಳು. ಚಾವಣಿಗೆ ಹಲಗೆ ಹೊಡೆದು ಇಳಿಸಿದ್ದರು, ನಡುವೆ ಪ್ಲೈವುಡ್ಡಿನ ಗೋಡೆಗಳು ಎದ್ದಿದ್ದವು, ಮರದ ನೆಲದ ಮೇಲೆ ಕಾರ್ಪೆಟ್ಟು ಹಾಸುತ್ತಿದ್ದರು. ಅಣ್ಣನ ಹಾಗೆ ಒಂದು ಚಪ್ಪಾಳೆ ತಟ್ಟಿದಳು. ಪಕ್ಕದಲ್ಲೇ ಸತ್ತುಬಿತ್ತು. ಕಾರ್ಪೆಟ್ಟಿನವನು ತಲೆಯೆತ್ತಿ ‘ಏನಮ್ಮಾ, ಯಾರು ಬೇಕಿತ್ತು?’ ಎಂದ. ಯಾರೂ ಬೇಡಪ್ಪ ಎಂದು ಬಂದಳು. ಅವತ್ತೂ ಹೇಳಲಿಲ್ಲ. ಆಮೇಲೆ ಹೇಳದಿರುವುದಕ್ಕೆ ಬೇರೆಯೇ ಒಂದು ಕಾರಣ ಹುಟ್ಟಿಕೊಂಡಿತು, ಅದು ಹೆದರಿಕೆಯಲ್ಲ, ಅದೇ ಅವಳನ್ನು ಈಗ ಹಿಂಡುತ್ತಿರುವುದು. ಮಾಡಬಲ್ಲೆ ಅನ್ನಿಸಿತು. ಆ ಹಾಲ್ ಅನ್ನು ನಾನು ಕಟ್ಟಬಲ್ಲೆ, ಅವನಿಗೂ ಗೊತ್ತಾಗದ ಹಾಗೆ ಕಟ್ಟಬಲ್ಲೆ.

ಕಟ್ಟಿದ್ದಾಳೆ ಕೂಡ. ಪ್ಲಗಿನ್ನಿನಲ್ಲಿ ಸಿದ್ಧವಾಗಿ ಸಿಗುವ ಹಾಲ್‌ಗಳನ್ನೆಲ್ಲ ಮೊದಲು ಕೇಳಿ ನೋಡಿದಳು. ಒಂದು ತೀರಾ ಹೊಳಪು, ಒಂದು ಸುರಂಗ, ಒಂದು ಯಾರದೋ ಸ್ನಾನದ ಮನೆ. ಎಲ್ಲ ಬದಿಗೆ ತಳ್ಳಿ ತಾನೇ ಅಳೆದು ಕೂಡಿಸಿದಳು. ಇಡೀ ಡ್ರಮ್ಸನ್ನು ಒಟ್ಟಿಗೆ ಹಾಲ್‌ಗೆ ದಬ್ಬಿದರೆ ಸಿಂಬಲ್ಲಿನ ತಗಡಿನ ಸದ್ದು ಗೋಡೆಗೋಡೆಗೂ ಬಡಿದು ಕಿವಿ ಕೊರೆಯುತ್ತದೆ, ಅದು ಎಳಸು ಕೈಯ ಗುರುತು. ಅವಳು ಎದುರಿನ ಸ್ನೇರ್ ಡ್ರಮ್ಮನ್ನೂ ಪಕ್ಕದ ಟಾಮ್ ಡ್ರಮ್ಮುಗಳನ್ನೂ ಧಾರಾಳವಾಗಿ ಕಳಿಸಿದಳು, ಕಾಲಿನ ದೊಡ್ಡ ಡ್ರಮ್ಮನ್ನು ಅಷ್ಟಿಷ್ಟು, ಸಿಂಬಲ್ಲನ್ನು ಬಾಗಿಲಲ್ಲೇ ನಿಲ್ಲಿಸಿದಳು. ಆ ಎರಡು ಮೈಕಿನಲ್ಲಿ ಎಡಗಡೆಯದನ್ನು ಕುರ್ಚಿಗಳ ರಾಶಿ ಅಡ್ಡ ಬಂತೆಂದು ಮೂರಡಿ ಮುಂದೆ ಇಟ್ಟಿದ್ದಳು. ಇಲ್ಲಿಯೂ ಎಡಗಿವಿಗೆ ಅಷ್ಟು ಬೇಗ ಸದ್ದು ಬರುವಂತೆ ಮಾಡಿದಳು, ಇಲ್ಲದ ಕುರ್ಚಿಗಳಿಗೆ ಗೌರವ ಕೊಟ್ಟಳು. ಉಳಿದದ್ದು ಒಂದೇ, ಏಟು ಬಿದ್ದ ಮೇಲೆ ಆ ಹಾಲ್ ಎಷ್ಟು ಹೊತ್ತು ಮೊರೆಯುತ್ತಿತ್ತು ಅನ್ನುವುದು. ನೆನಪನ್ನು ನಂಬುವ ಹಾಗಿಲ್ಲ, ನೆನಪು ಎಲ್ಲ ಹಾಲ್ ಅನ್ನೂ ದೊಡ್ಡದು ಮಾಡುತ್ತದೆ. ಹತ್ತಿರದ ಎಂಟರಲ್ಲಿ ಅಣ್ಣನ ತಲೆಯ ಮೇಲಿದ್ದ ಮೈಕಿನಲ್ಲಿ ಹಾಲ್‌ನ ನೆರಳು ಒಂದಿಷ್ಟು ಸಿಕ್ಕಿತ್ತು, ಅದು ಒಂದೂವರೆ ಸೆಕೆಂಡಿಗೆ ಮುಗಿದು ಹೋಗುತ್ತಿತ್ತು. ಆದರೆ ಅಣ್ಣ ಬಾರಿಸುವ ರೀತಿ ಅವಳಿಗೆ ಗೊತ್ತು. ಏಟು ಕೊಟ್ಟು ನಿಲ್ಲುತ್ತಾನೆ, ಜಾಗ ಉತ್ತರ ಕೊಡಲಿ ಎಂದು ಕಾಯುತ್ತಾನೆ, ಉತ್ತರ ಮುಗಿದ ಮೇಲೆ ಮುಂದಿನ ಏಟು. ನಾಲ್ಕನೆಯ ತುಣುಕಿನ ನಡುವೆ ಅವನು ಕಾದದ್ದು ಎಲ್ಲಕ್ಕಿಂತ ದೀರ್ಘ. ಅಳೆದಳು. ಎರಡು ಸೆಕೆಂಡು ಮತ್ತೊಂದು ಚೂರು. ಮೈಕಿನ ಲೆಕ್ಕ ಒಂದು, ಅವನ ಕೈಯ ಲೆಕ್ಕ ಇನ್ನೊಂದು. ಮೈಕ್ ತಲೆಯ ಮೇಲೇ ಇತ್ತು, ಹಾಲ್‌ನ ಕೊನೆಯ ಉಸಿರು ಅದಕ್ಕೆ ಕೇಳಿಸಿರಲಿಕ್ಕಿಲ್ಲ. ಅಣ್ಣನ ಕೈ ಸುಳ್ಳು ಹೇಳುವುದಿಲ್ಲ ಎಂದುಕೊಂಡು ಎರಡು ಸೆಕೆಂಡಿನ ಹಾಲ್ ಕಟ್ಟಿದಳು. ಕಟ್ಟಿ ಮುಗಿಸಿ ನಾಲ್ಕನೆಯದನ್ನು ಹಾಕಿಕೊಂಡು ಕೇಳಿದಾಗ, ಏಟು ಬಿದ್ದು, ಸದ್ದು ನಿಧಾನಕ್ಕೆ ಕರಗಿ, ಕೊನೆಯ ಎಳೆ ಹರಿಯಿತು ಅನ್ನುವಷ್ಟರಲ್ಲಿ ಅಣ್ಣನ ಮುಂದಿನ ಏಟು ಕರಾರುವಾಕ್ಕಾಗಿ ಬಂದಾಗ, ಒಬ್ಬಳೇ ಕುರ್ಚಿಯಲ್ಲಿ ‘ಭಲೇ!’ ಎಂದು ಕೂಗಿಕೊಂಡಿದ್ದಳು.

ಮೊದಲ ಸಲ ಇಂಥ ಹಾಲ್ ಕಟ್ಟಿದಾಗ ಅವಳಿಗೆ ಇಪ್ಪತ್ತಾರು. ಆ ಸ್ಟುಡಿಯೋದ ಹಿರಿಯ ಇಂಜಿನಿಯರ್ ಹತ್ತು ಜನರೆದುರು ಕೇಳಿ, ‘ಏನಮ್ಮಾ, ಬಾತ್‌ರೂಮಿನಲ್ಲಿ ಬಕೆಟ್ ಬಿತ್ತಾ?’ ಎಂದಿದ್ದ. ಎಲ್ಲರೂ ನಕ್ಕರು, ಅವಳೂ ನಕ್ಕಳು, ಶೌಚಾಲಯಕ್ಕೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು, ಅಳುವಾಗಲೂ ತನ್ನ ಬಿಕ್ಕು ಟೈಲ್ಸಿಗೆ ಬಡಿದು ಎಷ್ಟು ಬೇಗ ಮರಳುತ್ತದೆಂದು ಕೇಳಿಸಿಕೊಂಡಳು. ಸದ್ದಿನ ಹುಚ್ಚು ಹತ್ತಿಸಿದವನೇ ಅಣ್ಣ. ಅವಳಿಗೆ ಏಳು ವರ್ಷವಿದ್ದಾಗ ಟವಲಿನಿಂದ ಕಣ್ಣು ಕಟ್ಟಿ, ಮನೆಯೆಲ್ಲ ಸುತ್ತಿಸಿ, ಒಂದು ಕಡೆ ನಿಲ್ಲಿಸಿ ಚಪ್ಪಾಳೆ ತಟ್ಟುತ್ತಿದ್ದ. ‘ಎಲ್ಲಿದೀಯ ಹೇಳು?’ ಅಡುಗೆ ಮನೆ. ಮೆಟ್ಟಿಲ ಕೆಳಗೆ. ಅಪ್ಪನ ಕೋಣೆ. ಒಂದೂ ತಪ್ಪುತ್ತಿರಲಿಲ್ಲ. ಮನೆಗೆ ಬಂದವರ ಮುಂದೆಲ್ಲ ಅವಳನ್ನು ನಿಲ್ಲಿಸಿ ಆಟ ಆಡಿಸಿ, ‘ಕಿವಿ ಅಂದ್ರೆ ನನ್ನ ತಂಗಿ ಕಿವಿ’ ಎಂದು ಬೀಗುತ್ತಿದ್ದ. ಟವಲಿನ ಕೆಳಗಿನ ಸಂದಿಯಿಂದ ಅವಳಿಗೆ ನೆಲ ಕಾಣುತ್ತಿತ್ತು. ಪ್ರತಿ ಸಲ ಅಲ್ಲ, ಆದರೆ ಎಷ್ಟೋ ಸಲ. ನಲವತ್ತು ವರ್ಷವಾಯಿತು, ಹೇಳಿಲ್ಲ. ಕಿವಿ ನಿಜವಾಗಿಯೂ ಸೂಕ್ಷ್ಮವಾದದ್ದು ಆಮೇಲೆ, ಆ ಸುಳ್ಳನ್ನು ನಿಜ ಮಾಡಲೇಬೇಕೆಂಬ ಹಟಕ್ಕೆ ಬಿದ್ದು.

ಹತ್ತೂಮುಕ್ಕಾಲಿಗೇ ಕೆಳಗೆ ಕಾರಿನ ಬಾಗಿಲು ಹಾಕಿದ ಸದ್ದಾಯಿತು. ಅಣ್ಣ ಮೆಟ್ಟಿಲು ಹತ್ತಿ ಬಂದ, ಹಿಂದೆ ಅತ್ತಿಗೆ. ಅತ್ತಿಗೆ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವವಳು, ಅರ್ಧ ದಿನ ರಜೆ ಹಾಕಿ ಬಂದಿದ್ದಳು.

‘ಎಂಟು ತಿಂಗಳು ಈ ಹಾಲ್ ಪುರಾಣ ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ,’ ಎಂದಳು ಚಪ್ಪಲಿ ಬಿಡುತ್ತಾ. ‘ಇವತ್ತು ಅದೇನು ಅಂತ ನೋಡೇಬಿಡೋಣ ಅಂತ ಬಂದೆ.’

‘ನೋಡೋದಲ್ಲ, ಕೇಳೋದು,’ ಎಂದ ಅಣ್ಣ.

‘ಅದೇ ರೀ. ಮನೇಲೂ ಅದೇ ತಾನೆ ಮಾಡ್ತಿರೋದು.’

ಅಣ್ಣ ಜೇಬಿನಿಂದ ಮಡಚಿದ ಹಾಳೆ ತೆಗೆದು ಅವಳಿಗೆ ಕೊಟ್ಟ. ರೆಕಾರ್ಡಿನ ಕವರಿನ ಹಿಂಬದಿಗೆ ತಾನೇ ಬರೆದದ್ದು. ‘ಇಲ್ಲಿ ಕೇಳುವುದೆಲ್ಲ ಆ ದಿನ ಆ ಹಾಲ್ ನಮಗೆ ಕೊಟ್ಟದ್ದು. ಯಂತ್ರದ ಕೋಣೆ ಒಂದು ಚೂರೂ ಬೆರೆತಿಲ್ಲ.’ ಕೆಳಗೆ ಅವನ ಸಹಿ. ಅವನ ಹತ್ತಿರ ಡ್ರಮ್ಸ್ ಕಲಿತವರೆಲ್ಲ ಇದನ್ನು ಓದುತ್ತಾರೆ. ಅವರಿಗೆಲ್ಲ ಮೂವತ್ತು ವರ್ಷದಿಂದ ಯಂತ್ರದ ಕೋಣೆಯನ್ನು ‘ಡಬ್ಬಿ ಹಾಲ್’ ಎಂದು ಬೈದುಕೊಂಡೇ ಪಾಠ ಹೇಳಿದ್ದಾನೆ. ‘ಪ್ರೆಸ್ಸಿನವರು ಒಂದು ಗಂಟೆಗೆ ಅಚ್ಚಿಗೆ ಹಾಕ್ತಾರಂತೆ,’ ಎಂದ. ‘ಒಂದ್ಸಲ ಕೇಳಿ ಹ್ಞೂಂ ಅಂದುಬಿಟ್ರೆ ಮುಗೀತು.’

ಹಾಳೆಯನ್ನು ಮೇಜಿನ ಮೇಲಿಟ್ಟಳು. ಈಗ ಹೇಳಬೇಕು, ಕೇಳಿಸುವ ಮೊದಲೇ ಹೇಳಬೇಕು. ‘ಅಣ್ಣ, ಒಂದು ವಿಷಯ’ ಎಂದು ಬಾಯಿ ತೆರೆದಳು, ಅವನು ಆಗಲೇ ಎರಡು ಸ್ಪೀಕರಿನ ನಡುವಿನ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದ್ದ. ಮುಚ್ಚಿದ ಕಣ್ಣಿನ ಆ ಮುಖ ನೋಡಿದ್ದೇ ಅವಳೊಳಗೆ ಏನೋ ಒಂದು ನೆಟ್ಟಗಾಗಿ ಕೂತಿತು. ಗೊತ್ತಾಗುತ್ತದೋ ಇಲ್ಲವೋ? ಪ್ರಶ್ನೆ ಅಷ್ಟೇ. ಇಪ್ಪತ್ತು ವರ್ಷದ ಕೆಲಸಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆ ಎಲ್ಲಿ ಸಿಗುತ್ತದೆ. ಗುಂಡಿ ಒತ್ತಿದಳು. ಒತ್ತಿದ ಕ್ಷಣವೇ ಇದು ತಪ್ಪು ಎಂದು ತಿಳಿಯಿತು, ಕೆಂಪು ಗುಂಡಿ ಒತ್ತದೆ ಬಿಟ್ಟದ್ದಕ್ಕಿಂತ ದೊಡ್ಡ ತಪ್ಪು, ಅದಾದರೂ ಮರೆವು. ಆದರೆ ಡ್ರಮ್ಸ್ ಶುರುವಾಗಿತ್ತು.

ಮೊದಲ ತುಣುಕು ಮುಗಿಯುವವರೆಗೂ ಅಣ್ಣ ಅಲುಗಾಡಲಿಲ್ಲ. ಎರಡನೆಯದರ ನಡುವೆ ತಲೆ ವಾರೆಯಾಯಿತು. ಅವಳಿಗೆ ಹೆದರಿಕೆ, ಜೊತೆಗೆ ನಾಚಿಕೆಗೆಟ್ಟ ಒಂದು ಖುಷಿ. ಅವನ ಮುಖದಲ್ಲಿ ಗಂಟು ಬೀಳುತ್ತದೋ ಎಂದು ಕಾದಳು, ಬೀಳಲಿಲ್ಲ. ಬದಲು ಅವನು ಕಣ್ಣು ತೆರೆಯದೆಯೇ ಎಡಗಡೆಗೆ ಬೆರಳು ತೋರಿಸಿ ಅತ್ತಿಗೆಗೆ, ‘ಆ ಕುರ್ಚಿ ರಾಶಿ ಇತ್ತು ಅಂದಿದ್ನಲ್ಲ, ಅದು ಅಲ್ಲಿ, ಕೇಳಿಸ್ತಾ?’ ಎಂದ. ಅತ್ತಿಗೆ ‘ಕುರ್ಚಿ ಹೇಗೆ ಕೇಳಿಸತ್ತೆ ರೀ’ ಎಂದಳು, ಆದರೂ ತಾನೂ ತಲೆ ವಾರೆ ಮಾಡಿದಳು. ನಾಲ್ಕನೆಯದು ಬಂತು. ದೊಡ್ಡ ಏಟು ಬಿತ್ತು, ಹಾಲ್ ಮೊರೆದು ಮೊರೆದು ಕರಗತೊಡಗಿತು. ಅಣ್ಣ ಆಗ ಎಡಗೈಯನ್ನು ತೊಡೆಯ ಕೆಳಗೆ ಅಡಗಿಸಿಕೊಂಡದ್ದನ್ನು ಅವಳು ಕಂಡಳು. ಸಿಕ್ಕಿಬಿದ್ದೆ ಅಂದುಕೊಂಡಳು. ಮುಂದಿನ ಏಟು ಬಂತು, ಅವನು ಉಸಿರು ಬಿಟ್ಟ. ಆರೂ ಮುಗಿದ ಮೇಲೆ ಕಣ್ಣು ತೆರೆದಾಗ ಕಣ್ಣಂಚು ಒದ್ದೆಯಾಗಿತ್ತು.

‘ಕೇಳಿದ್ಯಾ?’ ಎಂದ ಅತ್ತಿಗೆಗೆ. ‘ಇದು ಹಾಲ್ ಅಂದ್ರೆ. ಇದನ್ನ ಯಾವ ಯಂತ್ರದಲ್ಲಿ ತರ್ತಾರೆ ತರ್ಲಿ ನೋಡೋಣ. ನನಗೆ ಕಣ್ಣು ಕಟ್ಟಿ ಕೇಳಿಸಿದ್ರೂ ಹೇಳ್ತೀನಿ ಇದು ಅಲ್ಲೀದೇ ಅಂತ.’ ಫೋನ್ ತೆಗೆದ. ‘ಪ್ರೆಸ್ಸಿಗೆ ಹೇಳಿಬಿಡ್ತೀನಿ.’

ಗೆದ್ದಿದ್ದಳು. ಗೆದ್ದ ಖುಷಿ ಒಂದು ನಿಮಿಷವಾದರೂ ಇರುತ್ತದೆ ಅಂದುಕೊಂಡಿದ್ದಳು, ಅಷ್ಟೂ ಇರಲಿಲ್ಲ. ಹೆಂಡತಿಯೆದುರು ಆಣೆ ಹಾಕುವವನ ಹಾಗೆ ಅವನು ಹೇಳಿದ ಮಾತು ಕಿವಿಯಲ್ಲಿ ನಿಂತಿತ್ತು. ಸುಮ್ಮನಿದ್ದರೆ ಅವನು ಸುಳ್ಳಿಗೆ ಸಹಿ ಹಾಕುತ್ತಾನೆ. ಹೇಳಿದರೆ ಅವನ ಕಿವಿ ಈಗಷ್ಟೇ ಸೋತದ್ದನ್ನು ಅವನಿಗೇ ತೋರಿಸಿದ ಹಾಗೆ. ಅರ್ಧ ಗಂಟೆಯ ಹಿಂದೆ ಹೇಳಿದ್ದರೆ ಬರೀ ತನ್ನ ತಪ್ಪು, ಬೈಸಿಕೊಂಡು ಮುಗಿಯುತ್ತಿತ್ತು. ಈಗ ಅವನ ಮಾನವನ್ನೂ ಎಳೆದು ತಂದಿದ್ದಳು.

‘ಫೋನ್ ಮಾಡಬೇಡ ಅಣ್ಣ,’ ಎಂದಳು. ‘ಇದು ಆ ಹಾಲ್ ಅಲ್ಲ.’

‘ಏನು?’

‘ದೂರದ ಎರಡು ಮೈಕ್ ರೆಕಾರ್ಡೇ ಆಗಿಲ್ಲ. ಕೇಬಲ್ ಬದಲಾಯಿಸಿದ ಮೇಲೆ ಕೆಂಪು ಗುಂಡಿ ಒತ್ತೋದು ಮರೆತೆ. ನೀನೀಗ ಕೇಳಿದ್ದು ಪ್ಲಗಿನ್ನು. ನಾನು ಕಟ್ಟಿದ್ದು.’

ಅವನು ನಕ್ಕ. ತಮಾಷೆ ಅಂದುಕೊಂಡ. ಅವಳು ಪ್ಲಗಿನ್ ಆಫ್ ಮಾಡಿ ನಾಲ್ಕು ಏಟಿನಷ್ಟು ಕೇಳಿಸಿದಳು. ಡ್ರಮ್ಸ್ ಬೆತ್ತಲೆಯಾಗಿ, ಮೂಗಿನ ಮುಂದೆ, ಎಲ್ಲಿಯೂ ಅಲ್ಲದ ಜಾಗದಲ್ಲಿ ಟಪ್ ಟಪ್ ಎಂದಿತು. ನಗು ಅವನ ಮುಖದಲ್ಲಿ ಇಳಿಯಲು ಜಾಗ ಸಿಗದೆ ನಿಂತುಕೊಂಡಿತು. ಅತ್ತಿಗೆ ಕೈಚೀಲದ ಜಿಪ್ಪು ಹಾಕಿದಳು, ತೆಗೆದಳು.

‘ಯಾವಾಗ ಗೊತ್ತಾಯ್ತು ನಿನಗೆ?’

‘ಮರುದಿನವೇ.’

‘ಮೂರು ವಾರ.’ ಅವನು ಎದ್ದು ನಿಂತ. ‘ಮೂರು ವಾರ ನಾನು ಕಂಡಕಂಡವರ ಹತ್ರ ಬಡಾಯಿ ಕೊಚ್ಚಿಕೊಂಡು ಓಡಾಡಿದೀನಿ ಕಣೇ. ಅದು ಹಾಳಾಗಿ ಹೋಗ್ಲಿ. ಗುಂಡಿ ಮರೆತೆ, ಸರಿ, ಮನುಷ್ಯರು ಮರೀತಾರೆ. ಈಗ ಯಾಕೆ ಹಾಕಿದೆ? ಹೇಳಿ ಹಾಕಬಹುದಿತ್ತಲ್ಲ. ನನ್ನ ಕಿವಿ ಎಷ್ಟು ಗಟ್ಟಿ ಇದೆ ಅಂತ ನೋಡ್ತಿದ್ಯಾ?’

ಇಲ್ಲ ಅನ್ನಬಹುದಿತ್ತು. ಧೈರ್ಯ ಬರಲಿಲ್ಲ, ಹೆದರಿದೆ, ಏನಾದರೂ ಹೇಳಬಹುದಿತ್ತು.

‘ಹೌದು,’ ಎಂದಳು. ‘ನೋಡ್ತಿದ್ದೆ. ತಪ್ಪಾಯ್ತು.’

ಅವನು ಕಿಟಕಿಯ ಹತ್ತಿರ ಹೋಗಿ ಬೀದಿಗೆ ಮುಖ ಮಾಡಿ ನಿಂತ. ಕೆಳಗೆ ಯಾರೋ ಲಾರಿಗೆ ಸೋಫಾ ಏರಿಸುತ್ತಿದ್ದರು, ಇಬ್ಬರು ತಳ್ಳುವವರು, ಒಬ್ಬ ಹೀಗೆ ಹಾಗೆ ಎಂದು ಹೇಳುವವನು. ಅಣ್ಣನ ಕತ್ತು ಕೆಂಪಾಗಿತ್ತು. ಇಷ್ಟು ವರ್ಷದಲ್ಲಿ ಅಣ್ಣನ ಕತ್ತಿನ ಹಿಂಭಾಗ ಇಷ್ಟು ಮುದಿಯಾದದ್ದನ್ನು ಅವಳು ನೋಡಿರಲಿಲ್ಲ, ಗೆರೆಗಳು ಬಿದ್ದಿದ್ದವು. ಅಲ್ಲಿಂದಲೇ ಫೋನ್ ಕಿವಿಗಿಟ್ಟ. ‘ಹ್ಞಾಂ, ನಾನೇ. ಕವರಿನ ಹಿಂದೆ ಎರಡು ಸಾಲಿದೆಯಲ್ಲ, ತೆಗೆದುಬಿಡಿ. ಹೌದು, ಪೂರ್ತಿ. ಇಲ್ಲಪ್ಪ, ಬದಲಿಗೆ ಏನೂ ಬೇಡ.’ ಇಟ್ಟ. ತಿರುಗಿ ಬಂದು ಅದೇ ಕುರ್ಚಿಯಲ್ಲಿ, ಎಡಗೈಯನ್ನು ಮತ್ತೆ ತೊಡೆಯ ಕೆಳಗಿಟ್ಟುಕೊಂಡು ಕೂತ.

‘ಒಂದು ಮಾತು ಹೇಳ್ತೀನಿ, ಕೇಳು. ನೀನು ಹೇಳೋಕೆ ಮುಂಚೆ ನಾನೇನು ಅಂದ್ನೋ ಅದನ್ನ ವಾಪಸ್ ತಗೊಳ್ಳಲ್ಲ. ಚೆನ್ನಾಗಿದೆ ಅಂದೆ, ಚೆನ್ನಾಗಿದೆ. ಆದ್ರೆ ನೀನು ಮಾಡಿದ್ದು ನೆನಪಿರತ್ತೆ ನನಗೆ.’

‘ಇರ್ಲಿ,’ ಎಂದಳು.

‘ಎಷ್ಟು ಇಟ್ಟಿದೀಯ? ಸದ್ದು ಸಾಯೋಕೆ?’

‘ಎರಡು ಸೆಕೆಂಡು, ಒಂದು ಚೂರು.’

‘ಅದು ಹೇಗೆ ಗೊತ್ತಾಯ್ತು? ಮೈಕೇ ಇರ್ಲಿಲ್ಲ ಅಂದೆ.’

ಇದನ್ನು ಹೇಳಲು ಅವಳಿಗೆ ಆಸೆಯಿತ್ತು; ಇಷ್ಟು ಬೈಸಿಕೊಂಡ ಮೇಲೂ ಆಸೆ ಸತ್ತಿರಲಿಲ್ಲ. ‘ನಿನ್ನ ಕೈಯಿಂದಲೇ,’ ಎಂದಳು. ‘ನೀನು ಕಾದಿದ್ದನ್ನ ಅಳೆದೆ. ಮೇಲಿನ ಮೈಕ್ ಒಂದೂವರೆ ಅಂತಿತ್ತು, ನಾನು ಅದನ್ನ ನಂಬಲಿಲ್ಲ. ನಾಲ್ಕನೇದರಲ್ಲಿ ಏಟು ಕೊಟ್ಟು ನಿಲ್ತೀಯಲ್ಲ, ಹಾಲ್ ಪೂರ್ತಿ ಸುಮ್ಮನಾಗೋವರೆಗೂ. ನೀನು ಹಾಗೆ ಕಾಯದೇ ಇದ್ದಿದ್ರೆ ನನಗೆ ಇದನ್ನ ಕಟ್ಟೋಕೆ ಆಗ್ತಾನೇ ಇರ್ಲಿಲ್ಲ.’

ಅಣ್ಣ ಅವಳನ್ನೇ ನೋಡಿದ. ಅವನ ಕೋಪ ಎಲ್ಲಿಗೆ ಹೋಯಿತೋ, ಅದರ ಜಾಗದಲ್ಲಿ ಬೇರೊಂದು ಬಂದು ಕೂತಿತ್ತು. ಒಮ್ಮೆ ಅತ್ತಿಗೆಯ ಕಡೆ ಕಣ್ಣು ಹಾಯಿಸಿದ, ನೆಲ ನೋಡಿದ.

‘ಅಲ್ಲಿ ನಾನು ಕಾದಿದ್ದಲ್ಲ ಪುಟ್ಟಿ,’ ಎಂದ. ‘ಎಡಗೈ ಬರ್ಲಿಲ್ಲ.’

ಅವಳಿಗೆ ಅರ್ಥವಾಗಲಿಲ್ಲ.

‘ಏಟು ಹಾಕಿದೆ. ಹಾಲ್ ಮುಗೀತು. ಎಡಗೈ ಎತ್ತೋಣ ಅಂದ್ರೆ ಬರ್ತಿಲ್ಲ, ಬೆರಳು ಮರದ ಹಾಗೆ ಆಗಿಹೋಗಿತ್ತು. ಆಮೇಲೆ ಬಲಗೈಯಲ್ಲಿ ಶುರು ಮಾಡ್ದೆ, ಎಡಗೈ ಹಿಂದಿನಿಂದ ಬಂತು. ಯಾರಿಗೂ ಗೊತ್ತಾಗಲಿಲ್ಲ ಅಂದ್ಕೊಂಡೆ. ನಾಲ್ಕೈದು ತಿಂಗಳಿಂದ ಆಗ್ತಿದೆ, ಒಂದೊಂದ್ಸಲ. ಈಗ ಕೇಳ್ತಾ ಇರುವಾಗ ನನಗೇ ಅನುಮಾನ ಬಂತು, ಏನು ಇಲ್ಲಿ ನಾನು ಬೇಕಂತಲೇ ನಿಲ್ಲಿಸಿದ್ನಾ ಅಂತ. ಅಷ್ಟು ಚೆನ್ನಾಗಿ ಮುಚ್ಚಿದೀಯ.’

ಅತ್ತಿಗೆಯೇ ಮೊದಲು ಮಾತಾಡಿದಳು.

‘ಅಂಗಿ ಗುಂಡಿ ಹಾಕೋಕೆ ಕಾಲು ಗಂಟೆ ತಗೊಳ್ಳೋ ಗಂಡಸನ್ನ ದಿನಾ ನೋಡ್ತೀನಲ್ಲ, ನನಗೇನು ಕಣ್ಣಿಲ್ವಾ?’ ಎಂದಳು. ‘ನೀವಾಗೇ ಹೇಳ್ಲಿ ಅಂತ ಕಾಯ್ತಿದ್ದೆ. ಶುಕ್ರವಾರ ಹತ್ತು ಗಂಟೆಗೆ ಡಾಕ್ಟರ ಹತ್ರ ಹೋಗಬೇಕು. ಹೆಸರು ಬರೆಸಿ ಆಗಿದೆ. ಬರಲ್ಲ ಅಂದ್ರೆ ಎತ್ತಿಕೊಂಡು ಹೋಗ್ತೀನಿ.’



ತನ್ನ ಎರಡು ಸೆಕೆಂಡಿನ ಹಾಲ್ ಅನ್ನು ಅವಳು ಪರದೆಯ ಮೇಲೆ ನೋಡುತ್ತಾ ಕೂತಳು. ಎಂಥ ಕಿವಿ! ಮೈಕ್ ನಿಜ ಹೇಳಿತ್ತು, ಇವಳು ಅಣ್ಣನ ಕೈಯನ್ನು ನಂಬಿ ಅದರ ಬಾಯಿ ಮುಚ್ಚಿಸಿದ್ದಳು. ಅವನ ಕೈ ಸೋತ ಅರ್ಧ ಸೆಕೆಂಡಿಗೆ ಸರಿಯಾಗಿ ಒಂದು ಕಟ್ಟಡವನ್ನೇ ಹಿಗ್ಗಿಸಿ, ಆರೂ ತುಣುಕಿಗೆ ಹೊದಿಸಿ, ಭಲೇ ಎಂದು ಕೂಗಿಕೊಂಡಿದ್ದಳು. ನಗು ಬಂತು, ಅಳುವೂ ಬಂತು. ಹೀಗೇ ಬಿಟ್ಟರೆ ಲೋಕದಲ್ಲಿ ಯಾರೂ ಕಂಡುಹಿಡಿಯುವುದಿಲ್ಲ. ಬಿಡು ಎಂದು ಅವನು ಕೇಳಿದ್ದರೆ ಬಿಟ್ಟೂಬಿಡುತ್ತಿದ್ದಳು, ಇವತ್ತು ಅವನು ಏನು ಕೇಳಿದರೂ ಕೊಡುವ ಹಾಗಿದ್ದಳು.

‘ಎಷ್ಟಿತ್ತೋ ಅಷ್ಟಕ್ಕೆ ಇಳಿಸು,’ ಎಂದ ಅಣ್ಣ.

‘ಇಳಿಸಿದ್ರೆ ಅದು ಕೇಳಿಸತ್ತೆ.’

‘ಕೇಳಿಸ್ಲಿ. ಹಾಕು.’

ಒಂದೂವರೆಗೆ ಇಳಿಸಿದಳು. ಗೋಡೆಯನ್ನೂ ಒಂದಿಷ್ಟು ಹತ್ತಿರ ತಂದಳು. ನಾಲ್ಕನೆಯದನ್ನು ಆ ಏಟಿಗಿಂತ ಸ್ವಲ್ಪ ಹಿಂದಿನಿಂದ ಹಾಕಿದಳು. ಏಟು ಬಿತ್ತು. ಹಾಲ್ ಮೊರೆಯಿತು, ಕರಗಿತು, ಮುಗಿಯಿತು. ಮುಗಿದ ಮೇಲೆ ಏನೂ ಇಲ್ಲದ ಒಂದು ಜಾಗ ಬಂತು. ಅದರಲ್ಲಿ ಅವನ ಸ್ಟೂಲು ಕಿರುಗುಟ್ಟಿತು, ಅವನು ಮೂಗಿನಿಂದ ಎಳೆದುಕೊಂಡ ಉಸಿರು ಕೇಳಿಸಿತು, ಇವನ್ನು ಎರಡು ಸೆಕೆಂಡಿನ ಹಾಲ್ ನುಂಗಿ ಹಾಕಿತ್ತು. ಆಮೇಲೆ ಬಲಗೈ ಒಂದೇ, ಅಂಜಿಕೆಯಿಲ್ಲದೆ, ಒಂದು ಏಟು, ಎರಡು, ಮೂರನೆಯದಕ್ಕೆ ಎಡಗೈ ಬಂದು ಸೇರಿಕೊಂಡಿತು. ಅವಳು ಅಲ್ಲಿಗೆ ನಿಲ್ಲಿಸಿದಳು.

‘ಜನ ತಪ್ಪು ಅಂದ್ಕೋತಾರೆ,’ ಎಂದ ಅಣ್ಣ, ಹೇಳಿದನೋ ಪ್ರಶ್ನೆ ಹಾಕಿದನೋ ಗೊತ್ತಾಗದ ಹಾಗೆ.

‘ಅಂದ್ಕೊಳ್ಳಲಿ,’ ಎಂದಳು ಅವಳು. ಇಡೀ ಬೆಳಗಿನಲ್ಲಿ ಲೆಕ್ಕ ಹಾಕದೆ ಆಡಿದ ಮೊದಲ ಮಾತು ಅದು, ಅದರಷ್ಟು ಖಚಿತವಾಗಿ ಅವಳಿಗೆ ಬೇರೇನೂ ಗೊತ್ತಿರಲಿಲ್ಲ. ‘ಆರರಲ್ಲಿ ಇದೇ ಚೆನ್ನಾಗಿರೋದು. ಇನ್ನು ಇದನ್ನ ಮುಟ್ಟಲ್ಲ ನಾನು. ನೀನು ಹೇಳಿದ್ರೂ ಮುಟ್ಟಲ್ಲ.’

ಅಣ್ಣ ತೊಡೆಯ ಕೆಳಗಿದ್ದ ಎಡಗೈಯನ್ನು ಹೊರಗೆ ತೆಗೆದು ಮೇಜಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟ.

‘ಇನ್ನೊಂದ್ಸಲ ಹಾಕು,’ ಎಂದ.